ಆ ಗಾಜಿನ ಬೀರುವಿನ ಬೀಗ ತೆಗೆಸಿ

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಧಿಕಾರಿಗಳಿಗೆ, ಶಿವಮೊಗ್ಗ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಪಿಡಿಒಗಳಿಗೆ,

ನಮಸ್ಕಾರ.

ನಾನು ತೀರ್ಥಹಳ್ಳಿಯಲ್ಲಿ ಜೆರಾಕ್ಸ್ ಮತ್ತು ಬುಕ್ ಬೈಂಡಿಂಗ್ ಅಂಗಡಿ ನಡೆಸುತ್ತೇನೆ. 19 ವರ್ಷ ಆಯಿತು. ಸೊಸೈಟಿಯ ಲೆಡ್ಜರು, ಕಾಲೇಜು ಮಕ್ಕಳ ಪ್ರಾಜೆಕ್ಟು, ಯಾರದೋ ಅಜ್ಜನ ಕಾಲದ ಭಾರತ, ಹಳೇ ಪಂಚಾಂಗ, ಎಲ್ಲವೂ ನನ್ನ ಕೈಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೋಗಿವೆ. ಪುಸ್ತಕ ಹೇಗೆ ಹಾಳಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಗ್ರಂಥಾಲಯಗಳಲ್ಲಿ ಮಕ್ಕಳ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರಲ್ಲ, ಅದರ ಬಗ್ಗೆ ಹೇಳಬೇಕು ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ಅಂಗಡಿಯ ಕಾಗದದ ಚೂರು ಒಯ್ಯುವುದಕ್ಕೆ ತಿಂಗಳಿಗೊಮ್ಮೆ ಗುಜರಿಯವರು ಬರುತ್ತಾರೆ. ಈ ಏಪ್ರಿಲ್‌ನಲ್ಲಿ ಬಂದಾಗ ಅವರ ಲಗೇಜ್ ಆಟೋದಲ್ಲಿ ಎರಡು ಗೋಣಿಚೀಲ ಇದ್ದವು. ಒಂದರ ಬಾಯಿ ಬಿಚ್ಚಿಕೊಂಡಿತ್ತು. ಇಣುಕಿದರೆ ಬಣ್ಣಬಣ್ಣದ ಮಕ್ಕಳ ಪುಸ್ತಕ. ಒಂದನ್ನು ತೆಗೆದು ನೋಡಿದೆ, ಗ್ರಂಥಾಲಯದ ಸೀಲು, ಅದರ ಮೇಲೆ ಕೆಂಪು ಶಾಯಿಯಲ್ಲಿ 'ರದ್ದು'. ಯಾವ ಗ್ರಂಥಾಲಯ ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟೂ ಇಲ್ಲ. ತೂಕ ಹಾಕಿಸಿ ಎರಡೂ ಚೀಲ ಇಳಿಸಿಕೊಂಡೆ.

ರಾತ್ರಿ ಅಂಗಡಿ ಬಾಗಿಲು ಹಾಕಿ ಎಲ್ಲವನ್ನೂ ನೆಲದ ಮೇಲೆ ಹರಡಿ ಎಣಿಸಿದೆ. ಒಟ್ಟು 74. ಅದರಲ್ಲಿ ಚಿತ್ರದ ಪುಸ್ತಕ 43. ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಪುಸ್ತಕಗಳು, ದೆಹಲಿಯ ಚಿಲ್ಡ್ರನ್ಸ್ ಬುಕ್ ಟ್ರಸ್ಟಿನವು, ನವಕರ್ನಾಟಕದವರು ತರಿಸಿ ಮಾರುತ್ತಿದ್ದ ಸೋವಿಯತ್ ಪುಸ್ತಕಗಳು ಕೆಲವು, ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹೊರದೇಶದ ಇಂಗ್ಲಿಷ್ ಪುಸ್ತಕ ಒಂದಷ್ಟು. ಹರಿದಿದ್ದವು ಎಷ್ಟು ಗೊತ್ತಾ? ಒಂಬತ್ತು. ಮಕ್ಕಳು ಹರಿದು ಹಾಕುತ್ತಾರೆ ಅನ್ನುವುದು ನಮ್ಮೆಲ್ಲರ ನಂಬಿಕೆ ಅಲ್ವಾ? ಉಳಿದ 34 ಪುಸ್ತಕಕ್ಕೆ ಮಗುವಿನ ಕೈಯೇ ತಾಗಿರಲಿಲ್ಲ. ಹಿಂದೆ ಅಂಟಿಸಿದ ದಿನಾಂಕದ ಚೀಟಿ ಖಾಲಿ ಇತ್ತು.

ಹಾಗಾದರೆ ಹಾಳಾಗಿದ್ದು ಹೇಗೆ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಕೂತು ಆದೇಶ ಬರೆಯುವವರಿಗೆ ನಮ್ಮ ಮಳೆಗಾಲ ಏನು ಅಂತ ಗೊತ್ತಿರುವುದಿಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಇಲ್ಲಿ ಡಬ್ಬಿಯಲ್ಲಿಟ್ಟ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಮೆತ್ತಗಾಗುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮಕ್ಕಳ ಪುಸ್ತಕ ಜಾಸ್ತಿ ಮುದ್ರಣವಾಗುವುದು ಹೊಳೆಯುವ ಆರ್ಟ್ ಪೇಪರಿನಲ್ಲಿ. ಆ ಹೊಳಪು ಕಾಗದದ್ದಲ್ಲ, ಅದರ ಮೇಲೆ ಬಳಿದ ಸುಣ್ಣದಂಥ ಲೇಪದ್ದು. ಥಂಡಿ ಹತ್ತಿದಾಗ ಆ ಲೇಪ ಮೆದುವಾಗಿ ಎದುರಿನ ಪುಟಕ್ಕೆ ಅಂಟಿಕೊಳ್ಳುತ್ತದೆ. ಒಂದು ಮಳೆಗಾಲ ಯಾರೂ ಬಿಡಿಸದೆ ಇಟ್ಟರೆ ಇಡೀ ಪುಸ್ತಕ ಒಂದೇ ರಟ್ಟಿನ ತುಂಡಾಗುತ್ತದೆ. ಆಮೇಲೆ ಬಿಡಿಸಲು ಹೋದರೆ ಆನೆಯ ಸೊಂಡಿಲು ಈ ಪುಟದಲ್ಲಿ, ಮೈ ಆ ಪುಟದಲ್ಲಿ. ಇನ್ನು ಪಿನ್ನು. ತೆಳ್ಳಗಿನ ಪುಸ್ತಕಕ್ಕೆ ನಡುವೆ ಎರಡು ಪಿನ್ ಹೊಡೆದಿರುತ್ತಾರೆ. ಅದು ಎರಡೇ ವರ್ಷಕ್ಕೆ ತುಕ್ಕು ಹಿಡಿದು, ಸುತ್ತ ಕಂದು ಕಲೆ ಬಿದ್ದು, ನಡುವಿನ ಹಾಳೆ ತಾನಾಗಿ ಉದುರುತ್ತದೆ. ಗಾಜಿನ ಬೀರುವಿನೊಳಗೆ ಗಾಳಿ ಆಡುವುದಿಲ್ಲ, ಬೂಷ್ಟು ಹಿಡಿಯುತ್ತದೆ, ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳಕ್ಕೆ ಕತ್ತಲು ಮತ್ತು ತೇವ ಎರಡೂ ಸಿಗುತ್ತದೆ.

ದಿನಾ ಬಿಡಿಸಿ ಮುಚ್ಚುವ ಪುಸ್ತಕಕ್ಕೆ ಹೀಗೆ ಆಗುವುದಿಲ್ಲ. ನನ್ನ ಹತ್ತಿರ ರಿಪೇರಿಗೆ ಬರುವ ಪುಸ್ತಕಗಳಲ್ಲಿ ಮಕ್ಕಳು ಓದಿ ಓದಿ ಸವೆಸಿದ್ದನ್ನು ಸರಿ ಮಾಡಬಹುದು. ಮೂಲೆ ಮಡಚಿದ್ದು, ಬೆನ್ನು ಬಿಟ್ಟದ್ದು, ಅರ್ಧ ಹರಿದದ್ದು, ಎಲ್ಲಕ್ಕೂ ದಾರಿ ಇದೆ. ಬೀರುವಿನಲ್ಲಿ ಅಂಟಿಕೊಂಡದ್ದಕ್ಕೆ ದಾರಿ ಇಲ್ಲ. ಮಲೆನಾಡಿನಲ್ಲಿ ಜೋಪಾನ ಅಂತ ಬೀಗ ಹಾಕಿಟ್ಟ ಪುಸ್ತಕವೇ ಮೊದಲು ಸಾಯುವುದು. ನಾನು ನಿಮಗೆ ಹೇಳಬೇಕಾಗಿರುವ ಮುಖ್ಯ ಮಾತು ಇದು.

43ರಲ್ಲಿ 26 ಪುಸ್ತಕ ಉಳಿಸಿಕೊಂಡೆ. ತುಕ್ಕಿನ ಪಿನ್ ಕಿತ್ತು, ಮಡಿಕೆಯಲ್ಲಿ ಮೂರು ತೂತು ಮಾಡಿ ಮೇಣ ಸವರಿದ ದಾರದಲ್ಲಿ ಹೊಲಿದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿ, ಅದರಲ್ಲಿ ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿದೆ, ಹುಳ ಬರದಿರಲಿ ಅಂತ. ಒಂದಕ್ಕೆ ಇಪ್ಪತ್ತು ನಿಮಿಷದ ಕೆಲಸ. ಅಂಗಡಿ ಮುಂದಿನ ಬೆಂಚಿನ ಮೇಲೆ ಒಂದು ಹಣ್ಣಿನ ಕ್ರೇಟ್ ಇಟ್ಟು ಅದರಲ್ಲಿ ಜೋಡಿಸಿದೆ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಕ್ಕಳು ಐದೂಕಾಲಿನ ಬಸ್ಸಿಗೆ ಕಾಯುತ್ತಾ ನನ್ನ ಅಂಗಡಿ ಜಗುಲಿಯಲ್ಲೇ ನಿಲ್ಲುವುದು. ಮೊದಲ ದಿನ ಯಾರೂ ಮುಟ್ಟಲಿಲ್ಲ. ಎರಡನೇ ದಿನ ಒಬ್ಬ ಹುಡುಗ "ಅಕ್ಕಾ, ಇದು ಮಾರಕ್ಕಾ?" ಅಂತ ಕೇಳಿದ. "ಅಲ್ಲ, ಓದಕ್ಕೆ" ಅಂದೆ. ಅಷ್ಟೇ. ಈಗ ಜಾಗಕ್ಕೆ ಜಗಳ.

ಅದರಲ್ಲೊಂದು ಪುಸ್ತಕದ ಮುಖಪುಟದಲ್ಲಿ ಚಿನ್ನದ ಬಣ್ಣದ ದುಂಡನೆಯ ಬಿಲ್ಲೆ ಅಂಟಿಸಿದೆ. ಬಿಲ್ಲೆಯೊಳಗೆ ಒಬ್ಬ ಕುದುರೆ ಮೇಲೆ ಕೂತು ಹಿಡಿತ ತಪ್ಪಿ ಓಡುತ್ತಿದ್ದಾನೆ. ಮಕ್ಕಳು ಅದನ್ನು ಉಗುರಿನಲ್ಲಿ ಕೆರೆದು ನೋಡಿ "ಇದೇನಕ್ಕಾ ಚಿನ್ನಾನಾ?" ಅಂದರು. ನನಗೂ ಗೊತ್ತಿರಲಿಲ್ಲ. ಹುಡುಕಿ ಓದಿದೆ. ಅದು ಕ್ಯಾಲ್ಡೆಕಾಟ್ ಪದಕ. ಅಮೆರಿಕದಲ್ಲಿ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರಪುಸ್ತಕಕ್ಕೆ, ಅದರ ಚಿತ್ರ ಬರೆದವರಿಗೆ, 1938ರಿಂದ ಕೊಡುತ್ತಾ ಬಂದಿದ್ದಾರೆ. 1886ರಲ್ಲೇ ತೀರಿಕೊಂಡ ರ‍್ಯಾಂಡಾಲ್ಫ್ ಕ್ಯಾಲ್ಡೆಕಾಟ್ ಅನ್ನುವ ಇಂಗ್ಲಿಷ್ ಚಿತ್ರಕಾರನ ಹೆಸರು ಅದು. ಕುದುರೆ ಸವಾರನ ಚಿತ್ರವೂ ಆತನದೇ. ಇದನ್ನೆಲ್ಲ ಓದುತ್ತಾ ಹೋದಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಈ ಪದಕ ಯಾರಿಗೆ ಅಂತ ತೀರ್ಮಾನ ಮಾಡುವವರು ಮಂತ್ರಿಗಳಲ್ಲ, ಪ್ರಕಾಶಕರೂ ಅಲ್ಲ. ಗ್ರಂಥಪಾಲಕರು! ಅಲ್ಲಿನ ಗ್ರಂಥಾಲಯ ಸಂಘದ ಮಕ್ಕಳ ವಿಭಾಗದವರು. ದಿನಾ ಮಕ್ಕಳ ಜೊತೆ ಕೂರುವವರು, ಯಾವ ಪುಟಕ್ಕೆ ಮಗು ಬೆರಳು ಇಡುತ್ತದೆ ಅಂತ ಕಣ್ಣಾರೆ ಕಂಡವರು.

ಇಂಗ್ಲೆಂಡಿನಲ್ಲೂ ಹಾಗೇ. ಅಲ್ಲಿ ಕೇಟ್ ಗ್ರೀನವೇ ಪದಕ ಅಂತ ಒಂದಿತ್ತು, ಈಗ ಹೆಸರು ಬದಲಾಗಿದೆ. 1955ರಲ್ಲಿ ಗ್ರಂಥಪಾಲಕರ ಸಂಘ ಅದನ್ನು ಶುರು ಮಾಡಿತು. ಮೊದಲ ವರ್ಷ ಯೋಗ್ಯವಾದ ಪುಸ್ತಕ ಒಂದೂ ಇಲ್ಲ ಅಂತ ಪದಕವನ್ನೇ ಕೊಡಲಿಲ್ಲವಂತೆ! ಮಕ್ಕಳ ಪುಸ್ತಕದ ಬಗ್ಗೆ ಅಷ್ಟು ಖಡಕ್ಕಾಗಿದ್ದರು. ಮರುವರ್ಷ ಎಡ್ವರ್ಡ್ ಆರ್ಡಿಝೋನ್ ಅನ್ನುವವರಿಗೆ ಸಿಕ್ಕಿತು.

ಈ ಕೇಟ್ ಗ್ರೀನವೇ ಯಾರು ಅಂತ ನೋಡಿದರೆ ನಮ್ಮೂರಿಗೇ ಬಂದು ಮುಟ್ಟುತ್ತದೆ. 1888ರಲ್ಲಿ ಆಕೆ ರಾಬರ್ಟ್ ಬ್ರೌನಿಂಗ್‌ನ ಇಲಿ ಓಡಿಸುವ ಕೊಳಲಿನವನ ಪದ್ಯಕ್ಕೆ ಪುಟಪುಟಕ್ಕೂ ಚಿತ್ರ ಬರೆದರು. ಅದೇ ಪದ್ಯವನ್ನು ನಮ್ಮ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಕನ್ನಡಕ್ಕೆ ತಂದು ಬೊಮ್ಮನಹಳ್ಳಿಯ ಕಿಂದರಿಜೋಗಿ ಮಾಡಿದರು. ತೀರ್ಥಹಳ್ಳಿಯಲ್ಲಿ ಕಿಂದರಿಜೋಗಿ ಗೊತ್ತಿಲ್ಲದ ಮಗು ಇಲ್ಲ, ಶಾಲೆಯ ವಾರ್ಷಿಕೋತ್ಸವದಲ್ಲಿ ಇಲಿ ಆಗಿ ಕುಣಿಯದವರು ಕಡಿಮೆ. ನಾನೂ ಇಲಿ ಆಗಿದ್ದೆ. ಗ್ರೀನವೇ ಹೆಸರಿನ ಪದಕ ಪಡೆದ ಪುಸ್ತಕಗಳು ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಬಿಲ್ಲೆ ಅಂಟಿಸಿದ್ದ ಪುಸ್ತಕ 'ದಿ ಸ್ನೋಯಿ ಡೇ'. ಎಝ್ರಾ ಜ್ಯಾಕ್ ಕೀಟ್ಸ್ ಬರೆದದ್ದು, 1962ರಲ್ಲಿ ಬಂದದ್ದು, 1963ರ ಪದಕ ಅದಕ್ಕೆ. ಪೀಟರ್ ಅನ್ನುವ ಕಪ್ಪು ಹುಡುಗ ಬೆಳಿಗ್ಗೆ ಎದ್ದು ನೋಡಿದರೆ ಊರೆಲ್ಲ ಹಿಮ. ಕೆಂಪು ಅಂಗಿ ಹಾಕಿಕೊಂಡು ಹೊರಗೆ ಹೋಗಿ ಇಡೀ ದಿನ ಆಡುತ್ತಾನೆ. ಕತೆ ಅಷ್ಟೇ. ನಮ್ಮ ಮಕ್ಕಳಿಗೆ ಹಿಮ ಏನು ಗೊತ್ತು, ಇದನ್ನು ಓದಿ ಹೇಳಿ ಏನು ಪ್ರಯೋಜನ ಅಂತ ನನಗೂ ಅನ್ನಿಸಿತ್ತು. ಆದರೂ ಒಂದು ಸಂಜೆ ಕನ್ನಡದಲ್ಲಿ ಹೇಳುತ್ತಾ ಪುಟ ತಿರುವಿದೆ. ಪೀಟರ್ ಒಂದು ಹಿಮದ ಉಂಡೆ ಮಾಡಿ ನಾಳೆಗೆ ಇರಲಿ ಅಂತ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವ ಪುಟ ಬಂತು. ಎರಡನೇ ಕ್ಲಾಸಿನ ಒಬ್ಬ ಹುಡುಗಿ, ಅಲ್ಲಿಯವರೆಗೆ ಬಾಯೇ ಬಿಡದಿದ್ದವಳು, ಪುಟದ ಮೇಲೆ ಅಂಗೈ ಒತ್ತಿ ಹಿಡಿದುಬಿಟ್ಟಳು. "ತಿರುಗಿಸ್ಬೇಡಿ ಅಕ್ಕಾ. ಕರಗ್ತದೆ." ನಿಂಗೆ ಹೆಂಗೆ ಗೊತ್ತು ಅಂದೆ. "ನಾನು ಆಲಿಕಲ್ಲು ಕಂಪಾಸ್ ಬಾಕ್ಸಲ್ಲಿ ಇಟ್ಟಿದ್ದೆ. ಶಾಲೆಗೆ ಹೋಗಿ ತೆಗೆದ್ರೆ ಬರೀ ನೀರು. ಪುಸ್ತಕನೂ ಒದ್ದೆ ಆತು, ಅಮ್ಮ ಬೈದ್ರು."

ಉಳಿದವರೆಲ್ಲ ಶುರು ಮಾಡಿದರು ನೋಡಿ. ಒಬ್ಬ ಲೋಟದಲ್ಲಿ ಇಟ್ಟಿದ್ದನಂತೆ, ಇನ್ನೊಬ್ಬ ತಿಂದೇಬಿಟ್ಟಿದ್ದನಂತೆ, ಮತ್ತೊಬ್ಬಳು ಅಜ್ಜಿಗೆ ತೋರಿಸಬೇಕು ಅಂತ ಕೊಟ್ಟಿಗೆಯಿಂದ ಜಗುಲಿಗೆ ಓಡುವಷ್ಟರಲ್ಲಿ ಕೈಯಲ್ಲೇ ಕರಗಿತಂತೆ. ಅಂಗೈ ಎತ್ತಿಸಿ ಪುಟ ತಿರುಗಿಸುತ್ತಾ ಹೋದಾಗ ಪೀಟರನ ಜೇಬು ಖಾಲಿ. ಬೆಂಚಿನ ಮೇಲೆ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅವನ ಬೇಜಾರು ಇವರಿಗೆ ಪೂರ್ತಿ ಗೊತ್ತು. ಹಿಮ ನೋಡಿಲ್ಲದಿದ್ದರೆ ಏನಾಯಿತು?

ಆ ಪುಸ್ತಕದ ಚಿತ್ರಗಳನ್ನು ನಾನು ಬೈಂಡರ್ ಕಣ್ಣಿನಿಂದಲೂ ನೋಡಿದೆ. ಪೂರ್ತಿ ಬ್ರಶ್ಶಿನಲ್ಲಿ ಬರೆದದ್ದಲ್ಲ, ಬಹಳಷ್ಟು ಕತ್ತರಿಸಿ ಅಂಟಿಸಿದ್ದು. ತಾಯಿಯ ಬಟ್ಟೆಗೆ ಅಡುಗೆಮನೆಯ ಕಪಾಟಿಗೆ ಹಾಸುವ ಎಣ್ಣೆಬಟ್ಟೆ. ಹಾಸಿಗೆಗೆ ಕ್ಯಾನ್ವಾಸ್. ರಾತ್ರಿಯ ಬೂದು ಗೋಡೆಗೆ ಹಲ್ಲುಜ್ಜುವ ಬ್ರಶ್ಶಿನಿಂದ ಚಿಮುಕಿಸಿದ ಶಾಯಿ. ಹಿಮದ ಚುಕ್ಕೆಗಳಿಗೆ ರಬ್ಬರಿನಿಂದ ಮಾಡಿದ ಅಚ್ಚು. ಕೀಟ್ಸ್ ಬಡವರ ಮನೆ ಹುಡುಗ, ಪೋಲೆಂಡಿನಿಂದ ವಲಸೆ ಬಂದ ಯಹೂದಿ ಸಂಸಾರ. ಆತ ಒಂದು ವಾರಪತ್ರಿಕೆಯಲ್ಲಿ ಬಂದ ಪುಟ್ಟ ಕಪ್ಪು ಹುಡುಗನ ಫೋಟೋಗಳನ್ನು ಕತ್ತರಿಸಿ ಇಪ್ಪತ್ತು ವರ್ಷ ಗೋಡೆಗೆ ಅಂಟಿಸಿಟ್ಟುಕೊಂಡಿದ್ದನಂತೆ, ಆಮೇಲೆ ಆ ಹುಡುಗನೇ ಪೀಟರ್ ಆದ. ಆ ಕಾಲದ ಅಮೆರಿಕದ ಚಿತ್ರಪುಸ್ತಕಗಳಲ್ಲಿ ಕಪ್ಪು ಮಗು ನಾಯಕನಾಗುವುದು ತೀರಾ ಅಪರೂಪ. ಇದನ್ನು ಕೇಳಿದ ಮೇಲೆ ನನ್ನ ಮಕ್ಕಳು (ಈಗ ನಾನು ಅವರನ್ನು ಹಾಗೇ ಕರೆಯುವುದು) ಅಂಗಡಿಯ ಕಟಿಂಗ್ ಚೂರೆಲ್ಲ ಬಾಚಿಕೊಂಡು ಹೋಗಿ ಚಿತ್ರ ಮಾಡಿ ತಂದರು. ಗುಜರಿಯವರಿಗೆ ಮೇ ತಿಂಗಳಲ್ಲಿ ಚೂರೇ ಸಿಗಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ತನ್ನ 125ನೇ ವರ್ಷಕ್ಕೆ, ಇಲ್ಲಿಯವರೆಗೆ ಅತಿ ಹೆಚ್ಚು ಸಲ ಮನೆಗೆ ಹೋದ ಪುಸ್ತಕ ಯಾವುದು ಅಂತ ಎಣಿಸಿತು. ಮೊದಲ ಸ್ಥಾನ ಇದೇ ಪುಸ್ತಕಕ್ಕೆ, 4,85,583 ಸಲ. ದೊಡ್ಡವರ ಯಾವ ಕಾದಂಬರಿಯೂ ಅದನ್ನು ದಾಟಿಲ್ಲ. ಅಷ್ಟು ಸಲ ಮಕ್ಕಳ ಕೈಗೆ ಹೋದರೆ ಎಷ್ಟು ಪ್ರತಿ ಹರಿದಿರಬೇಕು, ಎಷ್ಟರ ಮೇಲೆ ಹಾಲು ಚೆಲ್ಲಿರಬೇಕು ಯೋಚನೆ ಮಾಡಿ. ಹರಿದಾಗ ಇನ್ನೊಂದು ತಂದಿಟ್ಟಿದ್ದಾರೆ, ಅಷ್ಟೇ. ಅದೇ ಪುಸ್ತಕ ನಮ್ಮಲ್ಲಿ ಒಂದು ಸಲವೂ ಹೊರಗೆ ಬರದೆ ಕಿಲೋ ಲೆಕ್ಕದಲ್ಲಿ ಹೋಯಿತು. ನನಗೆ ಆ ರಾತ್ರಿ ಅಳು ಬಂದದ್ದು ಇದಕ್ಕೇ.

ಮಕ್ಕಳಿಗೆ ಅರ್ಥ ಆಗುವುದಿಲ್ಲ, ಹೆದರುತ್ತಾರೆ ಅನ್ನುವವರೂ ಇದ್ದಾರೆ. ಮಾರಿಸ್ ಸೆಂಡಾಕ್ ಅವರ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' 1963ರಲ್ಲಿ ಬಂದಾಗ ಅಲ್ಲೂ ಇದೇ ಮಾತು ಆಗಿತ್ತು. ಅಮ್ಮನಿಂದ ಬೈಸಿಕೊಂಡು ಊಟವಿಲ್ಲದೆ ಕೋಣೆ ಸೇರಿದ ಹುಡುಗ, ಕೋರೆಹಲ್ಲಿನ ಪ್ರಾಣಿಗಳ ರಾಜ್ಯಕ್ಕೆ ಹೋಗುವ ಕತೆ. ಮರುವರ್ಷ ಅದಕ್ಕೂ ಕ್ಯಾಲ್ಡೆಕಾಟ್ ಪದಕ ಬಂತು. ಇಡೀ ಪುಸ್ತಕದಲ್ಲಿ ಇರುವುದು 338 ಪದ. ಮೊದಲ ಪುಟದಲ್ಲಿ ಚಿತ್ರ ಸಣ್ಣದು, ಸುತ್ತ ಬಿಳಿ. ಹುಡುಗನ ಸಿಟ್ಟು, ಕಲ್ಪನೆ ಬೆಳೆದ ಹಾಗೆ ಚಿತ್ರವೂ ಪುಟಪುಟಕ್ಕೆ ಬೆಳೆಯುತ್ತದೆ, ಕೊನೆಗೆ ಪ್ರಾಣಿಗಳ ಜೊತೆ ಕುಣಿಯುವಲ್ಲಿ ಎದುರುಬದುರು ಪುಟ ತುಂಬಿ ಮಾತೇ ನಿಂತುಹೋಗುತ್ತದೆ, ಮೂರು ಸಲ ತಿರುಗಿಸಿದರೂ ಅಕ್ಷರ ಇಲ್ಲ. ಆಮೇಲೆ ಮನೆಗೆ ಬಂದರೆ ಊಟ ಇಟ್ಟಿದೆ, ಇನ್ನೂ ಬಿಸಿ. ಆ ಪ್ರಾಣಿಗಳ ಮುಖಕ್ಕೆ ಸೆಂಡಾಕ್‌ಗೆ ಸಿಕ್ಕ ಮಾದರಿ ಚಿಕ್ಕಂದಿನಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಂತೆ. ನಮ್ಮ ಮಕ್ಕಳು ಹೆದರಿದರಾ? ಗದ್ದೆ ಬಯಲಿನಲ್ಲಿ ಚಾಪೆ ಹಾಸಿ ಮಲಗಿ, ನಡುರಾತ್ರಿ ಬಣ್ಣದ ವೇಷ ಕೂಗು ಹಾಕುತ್ತಾ ಬಂದಾಗ ಎದ್ದು ಅಮ್ಮನ ಸೆರಗು ಹಿಡಿದು, ಆದರೂ ಕಣ್ಣು ಮುಚ್ಚದೆ ಯಕ್ಷಗಾನ ನೋಡಿ ಬೆಳೆದ ಮಕ್ಕಳು ಇವರು. "ಇದು ಮಹಿಷಾಸುರನ ತಮ್ಮ" ಅಂದ ಒಬ್ಬ. ಅಷ್ಟರಲ್ಲಿ ಬಸ್ ಬಂತು, ಹತ್ತಲು ಮನಸ್ಸಿಲ್ಲ.

ಇನ್ನು ದುಡ್ಡಿನ ಮಾತು. ಚಿತ್ರಪುಸ್ತಕ ತುಟ್ಟಿ, ನಾಲ್ಕು ಬಣ್ಣ, ದಪ್ಪ ಕಾಗದ, ಪಂಚಾಯಿತಿಗೆ ಆಗುವುದಿಲ್ಲ ಅನ್ನುತ್ತಾರೆ. ರಾಬರ್ಟ್ ಮೆಕ್ಲಾಸ್ಕಿ ಅವರ 'ಮೇಕ್ ವೇ ಫಾರ್ ಡಕ್ಲಿಂಗ್ಸ್' 1942ರಲ್ಲಿ ಪದಕ ಪಡೆಯಿತು. ಮುದ್ರಣ ಒಂದೇ ಬಣ್ಣ, ಕಂದು. ಬಾಸ್ಟನ್ ಊರಿನಲ್ಲಿ ತಾಯಿ ಬಾತುಕೋಳಿಯೊಂದು ಎಂಟು ಮರಿಗಳನ್ನು ಸಾಲಾಗಿ ರಸ್ತೆ ದಾಟಿಸುವುದು, ಪೊಲೀಸಪ್ಪ ಗಾಡಿಗಳನ್ನು ನಿಲ್ಲಿಸುವುದು. ಮೆಕ್ಲಾಸ್ಕಿ ಬಾತುಮರಿಗಳನ್ನು ತಂದು ತನ್ನ ಮನೆಯ ಸ್ನಾನದ ತೊಟ್ಟಿಯಲ್ಲಿ ಸಾಕಿಕೊಂಡು, ನೆಲದ ಮೇಲೆ ಅವುಗಳ ಹಿಂದೆಯೇ ತೆವಳಿ ಚಿತ್ರ ಬರೆದ. ಆ ಗೆರೆಯಲ್ಲಿ ಪುಕ್ಕದ ಮೆದು ಗೊತ್ತಾಗುತ್ತದೆ, ಬಣ್ಣ ಇಲ್ಲ ಅನ್ನುವುದು ಮಕ್ಕಳಿಗೆ ನೆನಪೇ ಆಗಲಿಲ್ಲ. ಇಂಗ್ಲಿಷಿನಲ್ಲಿ ಮರಿಗಳ ಹೆಸರು ಅಕ್ಷರಮಾಲೆಯ ಸಾಲಿನಲ್ಲಿ ಜ್ಯಾಕ್, ಕ್ಯಾಕ್ ಅಂತ ಹೋಗುತ್ತವೆ. ನಮ್ಮವರು ತಾವೇ ಕೂತು ಚಕ್ಕ, ಜಕ್ಕ, ಟಕ್ಕ, ಡಕ್ಕ, ತಕ್ಕ, ದಕ್ಕ, ನಕ್ಕ, ಪಕ್ಕ ಅಂತ ಇಟ್ಟರು. ನಕ್ಕ ಬಂದಾಗೆಲ್ಲ ಎಲ್ಲರೂ ನಗಬೇಕು, ಅದು ನಿಯಮ. ಬಾಸ್ಟನ್ನಿನವರು 1987ರಲ್ಲಿ ಆ ಬಾತುಕೋಳಿ ಸಂಸಾರದ ಕಂಚಿನ ಮೂರ್ತಿಗಳನ್ನು ಉದ್ಯಾನದಲ್ಲಿ ಇಟ್ಟಿದ್ದಾರೆ. ಒಂದು ಮಕ್ಕಳ ಪುಸ್ತಕಕ್ಕೆ ಇಡೀ ಊರು ಕೊಟ್ಟ ಮರ್ಯಾದೆ ಅದು.

ನಮ್ಮ ದೇಶದ್ದೇ ಬೇಕು ಅಂದರೆ ಪುಲಕ್ ಬಿಸ್ವಾಸ್ ಚಿತ್ರ ಬರೆದ 'ಟೈಗರ್ ಆನ್ ಎ ಟ್ರೀ' ಇದೆ, ಚೆನ್ನೈನ ತಾರಾ ಬುಕ್ಸ್‌ನದು. 1999ರಲ್ಲಿ ಯುರೋಪಿನ ಬ್ರಾಟಿಸ್ಲಾವಾ ಊರಿನಲ್ಲಿ ನಡೆದ, ಮಕ್ಕಳ ಪುಸ್ತಕದ ಚಿತ್ರಗಳ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಪ್ರಶಸ್ತಿ ಪಡೆಯಿತು. ಎರಡೇ ಬಣ್ಣ, ಕಪ್ಪು ಮತ್ತು ಕಿತ್ತಳೆ. ಮರ ಹತ್ತಿದ ಹುಲಿಯನ್ನು ಊರವರು ಹಿಡಿದು, ಏನು ಮಾಡೋಣ ಅಂತ ಚರ್ಚೆ ಮಾಡಿ ಕೊನೆಗೆ ಬಿಟ್ಟುಬಿಡುತ್ತಾರೆ. ತೋಟಕ್ಕೆ ಚಿರತೆ ಬಂದು, ಬೋನು ಇಟ್ಟು, ಊರೆಲ್ಲ ಸೇರುವ ನಮ್ಮ ಕಡೆ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕತೆ ಯಾವುದು ಹೇಳಿ!

ಗ್ರಂಥಾಲಯಕ್ಕೆ ಕೊಳ್ಳುವಾಗ ಪುಟ ಲೆಕ್ಕ ಹಾಕಿ ಪುಸ್ತಕದ ಬೆಲೆ ಹಿಡಿಯುವ ಪದ್ಧತಿಯಿಂದ ಇಂಥ ಪುಸ್ತಕಗಳಿಗೆ ಜಾಗವೇ ಇಲ್ಲವಾಗುತ್ತದೆ. ಚಿತ್ರಪುಸ್ತಕ ಅಂದರೆ ಸಾಧಾರಣವಾಗಿ 32 ಪುಟ, ನಮ್ಮ ಭಾಷೆಯಲ್ಲಿ 16 ಪುಟದ ಎರಡು ಫಾರಂ. ಅಷ್ಟರೊಳಗೆ ಒಬ್ಬ ಚಿತ್ರಕಾರ ಒಂದು ವರ್ಷದ ದುಡಿಮೆ ಇಟ್ಟಿರಬಹುದು. 300 ಪುಟದ ದಪ್ಪ ಪುಸ್ತಕದ ಪಕ್ಕದಲ್ಲಿಟ್ಟು ತೂಗಿದರೆ ಇದು ಯಾವಾಗಲೂ ಹಗುರ. ದಯವಿಟ್ಟು ಮಕ್ಕಳ ಚಿತ್ರಪುಸ್ತಕಕ್ಕೆ ಬೇರೆಯೇ ಲೆಕ್ಕ ಮಾಡಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಇದೆ, ಅದರಲ್ಲಿ ನಮ್ಮ ಮನೆಯ ಚಿಕ್ಕವರ ಪಾಲೂ ಇದೆ. ಮತ್ತೆ, ಕೊಳ್ಳುವಾಗ ಗುಣಮಟ್ಟ ನೋಡುವಾಗ ದಾರದ ಹೊಲಿಗೆ ಇದೆಯಾ ಅಂತ ಒಂದು ಸಲ ಮಡಿಕೆ ಬಿಡಿಸಿ ನೋಡಿ. ಮಲೆನಾಡು, ಕರಾವಳಿಗೆ ಕಳಿಸುವ ಪುಸ್ತಕಕ್ಕೆ ಪಿನ್ ಬೇಡವೇ ಬೇಡ. ಹೊಳೆಯುವ ಕಾಗದವೂ ಬೇಡ, ಮಂದವಾದ ಸಾದಾ ಕಾಗದ ಸಾಕು.

ಚಿತ್ರ ಬರೆದವರ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀಲದಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಕೆಲವಕ್ಕೆ ಚಿತ್ರಕಾರರ ಹೆಸರು ಮುಖಪುಟದಲ್ಲಿ ಇರಲಿಲ್ಲ, ಒಳಗೆ ಸಣ್ಣ ಅಕ್ಷರದಲ್ಲಿ ಹುಡುಕಬೇಕು, ಎರಡರಲ್ಲಿ ಅಲ್ಲೂ ಇಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, ಒಳ್ಳೆಯದೇ, ಆದರೆ ಅದು ಬರೆದವರಿಗೆ. ಓದಲು ಬಾರದ ಮಗು ಪುಸ್ತಕದಲ್ಲಿ ಓದುವುದೇ ಚಿತ್ರವನ್ನು. ಅದನ್ನು ಮಾಡಿದವರನ್ನು ಕರೆದು ಒಂದು ಶಾಲು ಹೊದಿಸುವ ಪದಕ ಕನ್ನಡದಲ್ಲಿ ಇರಲಿ, ಮತ್ತು ಅದನ್ನು ಹಳ್ಳಿ ಹಳ್ಳಿಯ ಗ್ರಂಥಾಲಯ ಮೇಲ್ವಿಚಾರಕರೇ ಕೂತು ಆರಿಸಲಿ. ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಅಂತ 2020ರಲ್ಲಿ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದು ದೊಡ್ಡ ಕೆಲಸ, ನನ್ನ ಅಣ್ಣನ ಮಗಳೂ ಸೇರಿದ್ದಾಳೆ. ಆ ಮಕ್ಕಳನ್ನೇ ಕೇಳಿದರೆ ಯಾವ ಪುಸ್ತಕ ಚೆನ್ನಾಗಿದೆ ಅಂತ ಹೇಳುತ್ತಾರೆ.

ಹೋದ ಅಕ್ಟೋಬರಿನಲ್ಲಿ ಹೆಗ್ಗೋಡಿನ ನೀನಾಸಮ್ ಶಿಬಿರಕ್ಕೆ ಹೋಗಿದ್ದಾಗ ಒಬ್ಬರ ಕೈಯಲ್ಲಿ 'ದಿ ನೈಟ್ ಲೈಫ್ ಆಫ್ ಟ್ರೀಸ್' ನೋಡಿದೆ. ಇದೂ ತಾರಾ ಬುಕ್ಸ್‌ನದೇ, 2006ರದು, 2008ರಲ್ಲಿ ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ ಪ್ರಶಸ್ತಿ ಬಂತು. ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಕಲಾವಿದರು ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಬರೆದ ಮರಗಳು. ಕಪ್ಪು ಕಾಗದದ ಮೇಲೆ ಒಂದೊಂದು ಹಾಳೆಯನ್ನೂ ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿ, ಕೈಯಲ್ಲೇ ಹೊಲಿದಿದ್ದಾರೆ. ನಾನು ಪುಟ ನೋಡುವ ಮೊದಲು ಬೆನ್ನು ನೋಡಿದೆ, ಎಂಥ ಹೊಲಿಗೆ! ಆಮೇಲೆ ಮೂಗಿನ ಹತ್ತಿರ ಹಿಡಿದೆ, ಶಾಯಿಯ ವಾಸನೆ ಇನ್ನೂ ಇತ್ತು. ಸ್ಕ್ರೀನ್ ಪ್ರಿಂಟ್ ಅಂದರೆ ನಮ್ಮೂರಲ್ಲಿ ಮದುವೆ ಕಾರ್ಡಿಗೆ ಮಾಡುವ ಕೆಲಸವೇ.

ಬರುವ ದಾರಿಯಲ್ಲಿ ಸಾಗರದ ಕಡೆಯ ಒಂದು ದೀವರ ಮನೆಯ ಗೋಡೆ ಕಂಡಿತು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಎಳೆಗಳು ಒಂದಕ್ಕೊಂದು ತಾಗದ ಹಾಗೆ. ಹಸೆ ಚಿತ್ತಾರ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ದೀವರ ಹೆಣ್ಣುಮಕ್ಕಳು ಇದನ್ನೇ ಬರೆಯುವುದನ್ನು ನೀವೂ ನೋಡಿರುತ್ತೀರಿ. ಗೊಂಡರ ಮರ ಬೊಲೋನ್ಯಾಕ್ಕೆ ಹೋಗುವುದಾದರೆ ನಮ್ಮ ಚಿತ್ತಾರದ ಗೆರೆಯಲ್ಲಿ ಒಂದು ಮಕ್ಕಳ ಪುಸ್ತಕ ನಮ್ಮ ಜಿಲ್ಲೆಯ ಪ್ರತಿ ಗ್ರಂಥಾಲಯದಲ್ಲಿ ಇರಬಾರದೇ? ನನ್ನ ಕಣ್ಣಿಗೆ ಬಿದ್ದ ಯಾವ ಬೀರುವಿನಲ್ಲೂ ಅದು ಇರಲಿಲ್ಲ. ಯಾರಾದರೂ ಮಾಡಿದರೆ ಹೊಲಿಗೆ ನನ್ನದು, ಕೂಲಿ ಬೇಡ.

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ಒಂದು ಗ್ರಾಮದ ಮೇಲ್ವಿಚಾರಕಿಯನ್ನು ಕೇಳಿದೆ, ಯಾಕೆ ತಂಗಿ ಬೀಗ ಅಂತ. ಅವಳು ಸುಳ್ಳು ಹೇಳಲಿಲ್ಲ. "ಆಡಿಟ್‌ಗೆ ಬಂದಾಗ ಒಂದು ಪುಸ್ತಕ ಕಡಿಮೆ ಆದ್ರೂ ನನ್ನ ಹತ್ರ ಕೇಳ್ತಾರೆ ಅಕ್ಕಾ. ಹರಿದ್ರೆ ನಾನೇ ಕಟ್ಬೇಕು. ನನ್ನ ಸಂಬಳ ಎಷ್ಟು ಅಂತ ನಿಮಗೆ ಗೊತ್ತಲ್ಲ." ಅವಳಿಗೂ ಮಕ್ಕಳಿದ್ದಾರೆ, ಅವಳಿಗೂ ಪುಸ್ತಕ ಕೊಡುವ ಆಸೆ ಇದೆ. ಹೆದರಿಕೆ ಮೇಲಿನಿಂದ ಬರುತ್ತಿದೆ. ಒಂದು ಸುತ್ತೋಲೆ ಹೊರಡಿಸಿ, ಮಕ್ಕಳ ಚಿತ್ರಪುಸ್ತಕ ಓದಿ ಸವೆದು ಹರಿದರೆ ಅದು ಬಳಕೆ, ಮೇಲ್ವಿಚಾರಕರ ಹೊಣೆಯಲ್ಲ ಅಂತ. ಎರಡೇ ಸಾಲು ಸಾಕು. ನಿಮ್ಮ ವೃತ್ತಿಯ ಹಿರಿಯರು ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟ ಮೊದಲ ಸೂತ್ರ ಪುಸ್ತಕ ಇರುವುದು ಬಳಕೆಗೆ ಅಂತ. ಹಿಂದೆ ಯುರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿ ಇಡುತ್ತಿದ್ದರು ಅನ್ನುವುದನ್ನು ಅವರು ಅಲ್ಲೇ ಹೇಳುತ್ತಾರೆ. ಆಗಸ್ಟ್ 12ಕ್ಕೆ ಅವರ ಫೋಟೋಕ್ಕೆ ಹಾರ ಹಾಕುತ್ತೀರಿ. ಈ ವರ್ಷ ಆ ದಿನ ಬೀರುವಿನ ಬೀಗವನ್ನೂ ತೆಗೆಸಿ.

ರದ್ದು ಮಾಡುವ ಮೊದಲು ಒಂದು ಸಲ ಬೈಂಡರ್‌ಗೆ ತೋರಿಸಿ, ತಾಲ್ಲೂಕಿಗೊಬ್ಬರಾದರೂ ಇದ್ದೇವೆ. ಹಳೇ ಪುಸ್ತಕ ಅಂದ ತಕ್ಷಣ ಹಳತು ಅಂತ ತಿಳಿಯಬೇಡಿ, 1942ರಲ್ಲಿ ಪದಕ ಪಡೆದ ಬಾತುಕೋಳಿಯನ್ನು ನಿನ್ನೆ ಮೊದಲ ಸಲ ನೋಡಿದ ಮಗುವಿಗೆ ಅದು ನಿನ್ನೆಯದೇ. ಹಳೆಯ ಒಳ್ಳೆಯ ಚಿತ್ರಪುಸ್ತಕಗಳನ್ನು ಹಕ್ಕು ಪಡೆದು ಕನ್ನಡದಲ್ಲಿ ತರುವ ಪ್ರಕಾಶಕರಿಗೆ ಬೆನ್ನಿಗೆ ನಿಲ್ಲಿ, ಇಷ್ಟು ಪ್ರತಿ ಖಂಡಿತ ಕೊಳ್ಳುತ್ತೇವೆ ಅಂತ ಮೊದಲೇ ಮಾತು ಕೊಡಿ. ಅಕ್ಷರವೇ ಇಲ್ಲದ ಪುಸ್ತಕಗಳಿಗೆ ಅನುವಾದವೂ ಬೇಡ. ಜಪಾನಿನ ಚಿತ್ರಕಾರ ಮಿತ್ಸುಮಾಸಾ ಆನೊ ಅಂಥ ಪುಸ್ತಕಗಳನ್ನು ಮಾಡಿದವರು, 1984ರಲ್ಲಿ ಮಕ್ಕಳ ಪುಸ್ತಕದ ದೊಡ್ಡ ಅಂತರರಾಷ್ಟ್ರೀಯ ಗೌರವವಾದ ಆಂಡರ್ಸನ್ ಪ್ರಶಸ್ತಿ ಪಡೆದವರು. ಸುತ್ತ ಗುಡ್ಡಗಳಿರುವ ಸಣ್ಣ ಊರಿನಲ್ಲಿ ಬೆಳೆದು, ಆ ಗುಡ್ಡದಾಚೆ ಏನಿದೆ ಅಂತ ಚಿಕ್ಕಂದಿನಲ್ಲಿ ಯೋಚಿಸುತ್ತಿದ್ದವರು. ಘಟ್ಟದ ಆಚೆ ಏನಿದೆ ಅಂತ ಕೇಳುವ ಮಕ್ಕಳು ನನ್ನ ಬೆಂಚಿನ ಮೇಲೂ ಇದ್ದಾರೆ.

ಈ ಕಡೆ ಬಂದಾಗ ಅಂಗಡಿಗೆ ಬನ್ನಿ. ಸಂಜೆ ನಾಲ್ಕೂವರೆಯಿಂದ ಐದೂಕಾಲರೊಳಗೆ ಬನ್ನಿ, ಆಮೇಲೆ ಮಕ್ಕಳು ಇರುವುದಿಲ್ಲ. ಹಿಮದ ಪುಸ್ತಕದ ನಡುವಿನ ಹಾಳೆ ಮೊನ್ನೆ ಮತ್ತೆ ಬಿಟ್ಟುಕೊಂಡಿದೆ, ಎಳೆದಾಡಿ ಓದಿದ್ದಾರೆ. ಆಲಿಕಲ್ಲಿನ ಹುಡುಗಿ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ಈ ಪತ್ರ ಮುಗಿಸಿ ಅದಕ್ಕೆ ಹೊಲಿಗೆ ಹಾಕಬೇಕು, ನಾಳೆ ಶಾಲೆ ಬಿಡುವಷ್ಟರಲ್ಲಿ ಅಂಟು ಒಣಗಿರಬೇಕು.

ಇಂತಿ,
ತೀರ್ಥಹಳ್ಳಿಯ ಬೈಂಡಿಂಗ್ ಅಂಗಡಿಯವಳು